ಗಾರ್ಟನ್ ಸರೋವರದ ಮೀನುಡೇಗೆಗಳು

ಸ್ಕಾಟ್ಲೆಂಡಿನ ಸ್ಪೇ ನದಿಯ ಕಣಿವೆಯಲ್ಲಿ ಬೋಟ್ ಆಫ್ ಗಾರ್ಟನ್ ಎಂಬ ಸಣ್ಣ ಊರುಂಟು. ಕೆಲವು ವರ್ಷಗಳ ಹಿಂದೆ, ಆಗಸ್ಟ್ ತಿಂಗಳಿನ ಮೊದಲ ವಾರದಲ್ಲಿ, ಏವಿಮೋರಿನಿಂದ ಉಗಿಬಂಡಿಯಲ್ಲಿ ಕುಳಿತು ನಾವು ಅಲ್ಲಿಗೆ ಹೋಗಿದ್ದೆವು. ಊರಿನಿಂದಾಚೆಗೆ ಪೈನ್ ಮರಗಳ ಹಳೆಯ ಕಾಡು. ನೆಲದ ಮೇಲೆ ಪಾಚಿ, ನೆತ್ತಿಯ ಮೇಲೆ ಬಿಡದ ತುಂತುರು. ಚಳಿಯೊಂದು ಇಲ್ಲದಿದ್ದರೆ ನಮ್ಮ ಮಲೆನಾಡಿನ ಶ್ರಾವಣವೆಂದೇ ಭ್ರಮಿಸಬಹುದಾಗಿದ್ದಿತು. ಕಾಡಿನ ನಡುವೆ ಗಾರ್ಟನ್ ಸರೋವರ. ಅದರ ಸಮೀಪದ ಮರವೊಂದರ ತುದಿಯಲ್ಲಿ, ಯಾರೋ ಸೌದೆಯ ಹೊರೆಯನ್ನು ಎತ್ತಿಟ್ಟು ಮರೆತಂತೆ, ಒಂದು ದೊಡ್ಡ ಗೂಡು.

ಇಂಗ್ಲಿಷರು ಆಸ್ಪ್ರೇ ಎಂದು ಕರೆಯುವ ಮೀನುಡೇಗೆಯ ಗೂಡು ಅದು. ಚಳಿಗಾಲದಲ್ಲಿ ನಮ್ಮ ಕಬಿನಿಯ ಹಿನ್ನೀರಿನಲ್ಲಿಯೂ ಈ ಜಾತಿಯ ಹಕ್ಕಿಯನ್ನು ಕಾಣಬಹುದು. ಮೀನಲ್ಲದೆ ಬೇರೆ ಆಹಾರವನ್ನು ಇದು ಬಯಸುವುದೇ ಅಪರೂಪ. ಕಾಲನ್ನು ಮುಂದೆ ಚಾಚಿ ನೀರಿಗೆ ಧುಮುಕುತ್ತದೆ. ಜಾರುವ ಮೀನು ತಪ್ಪಿಸಿಕೊಳ್ಳದಂತೆ ಇದರ ಅಂಗಾಲಿನಲ್ಲಿ ಮುಳ್ಳಿನಂತಹ ಒರಟುಂಟು. ಹೊರಬೆರಳನ್ನು ಹಿಂದಕ್ಕೂ ತಿರುಗಿಸಬಲ್ಲದು.

ಬೇಟೆಗಾರರೂ ಮೊಟ್ಟೆ ಕದಿಯುವವರೂ ಸೇರಿ 1916ರ ವೇಳೆಗೆ ಬ್ರಿಟನ್ನಿನಲ್ಲಿ ಇದರ ಸಂಸಾರವನ್ನೇ ಇಲ್ಲವಾಗಿಸಿದ್ದರು. 1954ರಲ್ಲಿ ಒಂದು ಜೋಡಿಯು ತಾನಾಗಿಯೇ ಬಂದು ಇಲ್ಲಿ ಗೂಡು ಕಟ್ಟಿತು. 1958ರಲ್ಲಿ ಕಳ್ಳನೊಬ್ಬನು ಕತ್ತಲಲ್ಲಿ ಮರವನ್ನೇರಿ ಮೊಟ್ಟೆಗಳನ್ನು ಹಾಳುಮಾಡಿದನು. ಆಗ ಪಕ್ಷಿಸಂರಕ್ಷಣ ಸಂಘದವರು ಮಾಡಿದ ಉಪಾಯವು ನಮಗೆ ಬಹಳ ಮೆಚ್ಚಿಕೆಯಾಯಿತು. ಮರಕ್ಕೆ ಮುಳ್ಳುತಂತಿಯನ್ನು ಸುತ್ತಿ, ಹಗಲಿರುಳು ಕಾವಲಿಟ್ಟು, 1959ರಲ್ಲಿ ಜನರನ್ನೇ ಕರೆದು ಗೂಡನ್ನು ತೋರಿಸತೊಡಗಿದರು. ಗುಟ್ಟು ಮಾಡಿದ್ದರೆ ಅನುಕೂಲವಾಗುತ್ತಿದ್ದುದು ಕಳ್ಳನಿಗೇ ಅಲ್ಲವೆ?

ಮರದ ಮನೆಯೊಳಗೆ ಕುಳಿತು ದೂರದರ್ಶಕದಲ್ಲಿ ನೋಡಿದೆವು. ಬಲಿತ ಮರಿಯೊಂದು ಗೂಡಿನ ಅಂಚಿನಲ್ಲಿ ನಿಂತು ಬಿಡದೆ ಕೂಗುತ್ತಿದ್ದಿತು. ಅಲ್ಲಿ ಸೇವೆಗೆಂದು ಬಂದಿದ್ದ ವೃದ್ಧೆಯೊಬ್ಬರು ಅದರ ಸಂಗತಿಯನ್ನು ವಿವರಿಸಿದರು. ಮೊದಲು ಹೊರಡುವುದು ತಾಯಿ. ತಂದೆಯು ಉಳಿದು ಮೀನು ತಂದುಕೊಡುತ್ತದೆ; ಮರಿಗಳು ಹೋದ ಮೇಲೆ ತಾನೂ ಹೋಗುತ್ತದೆ. ಎಲ್ಲರೂ ಹೋಗುವುದು ಆಫ್ರಿಕಾಕ್ಕೆ. ಆದರೆ ಯಾರೂ ಯಾರ ಜೊತೆಗೂ ಹೋಗುವುದಿಲ್ಲ.

"ಹಾಗಾದರೆ ಮರಿಗೆ ದಾರಿ ತೋರಿಸುವವರಾರು?" ಎಂದು ನಮ್ಮ ಮನೆಯವರು ಕೇಳಿದರು.

"ಯಾರೂ ಇಲ್ಲ," ಎಂದರು ಆಕೆ.

ಮೂರು ತಿಂಗಳ ಮರಿ, ಸುಮಾರು ಐದು ಸಾವಿರ ಕಿಲೋಮೀಟರು ದಾರಿ! ದಿಕ್ಕಿನ ಅರಿವು ಹುಟ್ಟಿನಿಂದಲೇ ಬಂದಿರಬೇಕು. ದಾರಿಯ ಅನುಭವವು ಮಾತ್ರ ಹಾಗೆ ಬರುವುದಿಲ್ಲ. ಇದನ್ನು ತಿಳಿದದ್ದು ಉಪಗ್ರಹದ ಸಹಾಯದಿಂದ. ಮರಿಗೆ ರೆಕ್ಕೆ ಬಲಿಯುವ ಮುನ್ನ ಅದನ್ನು ಕೆಳಗಿಳಿಸಿ, ಶಾಲೆಯ ಮಕ್ಕಳ ಚೀಲದಂತೆ ಬೆನ್ನಿಗೆ ಒಂದು ಸಣ್ಣ ಯಂತ್ರವನ್ನು ಕಟ್ಟುತ್ತಾರೆ. ಒಂದೂವರೆ ಕಿಲೋ ತೂಗುವ ಹಕ್ಕಿಗೆ ಸುಮಾರು ಮೂವತ್ತು ಗ್ರಾಂ ಭಾರ. ಬಿಸಿಲಿನಿಂದಲೇ ಅದಕ್ಕೆ ಶಕ್ತಿ. ಕಟ್ಟಿದ ಪಟ್ಟಿಯ ಹೊಲಿಗೆಯು ಕೆಲವು ವರ್ಷಗಳಲ್ಲಿ ಸವೆದು, ಯಂತ್ರವು ತಾನಾಗಿ ಕಳಚಿ ಬೀಳುತ್ತದೆ. ಯೌವನದಲ್ಲಿ ಇದೇ ಗೂಡನ್ನು ಕಾದಿದ್ದ ರಾಯ್ ಡೆನ್ನಿಸ್ ಎಂಬವರು 1999ರಿಂದ ಸ್ಕಾಟ್ಲೆಂಡಿನ ಮೀನುಡೇಗೆಗಳನ್ನು ಹೀಗೆ ಹಿಂಬಾಲಿಸತೊಡಗಿದರು. 2008 ಮತ್ತು 2009ರಲ್ಲಿ ಈ ಗೂಡಿನ ಮರಿಗಳಿಗೂ ಯಂತ್ರವನ್ನು ಕಟ್ಟಲಾಯಿತು.

ವೃದ್ಧೆಯು ನಮ್ಮ ಮುಂದೆ ಒಂದು ಭೂಪಟವನ್ನು ಹರಡಿದರು. ಬೇರೆ ಬೇರೆ ಎಳೆಯ ಹಕ್ಕಿಗಳು ನಡೆದ ಹಾದಿಗಳು ಅದರಲ್ಲಿ ಬಣ್ಣದ ಗೆರೆಗಳಾಗಿದ್ದವು. ಕೆಲವು ಇಂಗ್ಲೆಂಡು, ಫ್ರಾನ್ಸು, ಸ್ಪೇನುಗಳನ್ನು ದಾಟಿ ಮೊರಾಕೋಗೆ ಇಳಿದಿವೆ. ಅಲ್ಲಿಂದ ಮುಂದೆ ಸಹರಾ ಮರುಭೂಮಿ. ದಿನಗಟ್ಟಲೆ ಹಾರಿದರೂ ಕೆರೆಯಿಲ್ಲ, ಮೀನಿಲ್ಲ. "ಬುತ್ತಿಯೂ ಇಲ್ಲವಲ್ಲ!" ಎಂದು ನಮ್ಮ ಮನೆಯವರು ಮರುಗಿದರು. ಮೈಯ ಕೊಬ್ಬೇ ಅದಕ್ಕೆ ಬುತ್ತಿ. ಅದನ್ನು ಕಳೆದವು ಸೆನೆಗಾಲ್, ಗ್ಯಾಂಬಿಯಾ ದೇಶಗಳ ಕರಾವಳಿಯನ್ನು ಮುಟ್ಟಿ, ನದೀಮುಖಗಳ ಕಾಂಡ್ಲಾಕಾಡುಗಳ ಬಳಿ ನೆಲಸುತ್ತವೆ. ಮರುವರ್ಷದ ಬೇಸಿಗೆಯಲ್ಲಿಯೂ ಅಲ್ಲಿಯೇ ಉಳಿದು, ಎರಡು ಅಥವಾ ಮೂರು ವರ್ಷ ತುಂಬಿದ ಮೇಲೆ ಹುಟ್ಟಿದ ಸೀಮೆಗೆ ಹಿಂದಿರುಗುತ್ತವೆ. ಹಿಂದಿರುಗದೆ ಹೋಗುವವೇ ಹೆಚ್ಚು.

ಒಂದು ಗೆರೆಯು ಮಾತ್ರ ದಕ್ಷಿಣಕ್ಕೆ ಹೋಗದೆ ಪಶ್ಚಿಮಕ್ಕೆ ಬಾಗಿ, ಅಟ್ಲಾಂಟಿಕ್ ಸಾಗರದ ನಡುನೀರಿನಲ್ಲಿ ನಿಂತುಹೋಗಿದ್ದಿತು. ಬಲಿತ ಹಕ್ಕಿಯು ಗಾಳಿಯು ತಳ್ಳಿದಷ್ಟನ್ನು ಲೆಕ್ಕಹಾಕಿ ತಿದ್ದಿಕೊಳ್ಳಬಲ್ಲದು. ಎಳೆಯದು ಮೂಡಣ ಗಾಳಿಗೆ ಸಿಕ್ಕಿದರೆ, ತಾನು ನೇರವಾಗಿಯೇ ಹೋಗುತ್ತಿರುವೆನೆಂದು ನಂಬಿ ಕಡಲಿಗೆ ಸರಿಯುತ್ತದೆ. ಮೀನುಡೇಗೆಯಾದರೂ ಅಲೆಯ ಮೇಲೆ ಕುಳಿತು ದಣಿವಾರಿಸಿಕೊಳ್ಳಲು ಅದಕ್ಕೆ ಬಾರದು. ವೃದ್ಧೆಯು ಆ ಗೆರೆಯ ತುದಿಯ ಮೇಲೆ ಬೆರಳನ್ನಿಟ್ಟು ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಹಿಂದೆ ಹೋದದ್ದು ಹೋಯಿತು. ಎಲ್ಲಿಯೋ ಸುಖವಾಗಿರಬಹುದೆಂದು ಊರಿನವರು ಸಮಾಧಾನ ತಂದುಕೊಳ್ಳಬಹುದಾಗಿದ್ದಿತು. ಈಗ ಮುಳುಗಿದ ದಿನವೂ ಸ್ಥಳವೂ ತಿಳಿಯುತ್ತದೆ. ತಿಳಿಯದಿದ್ದರೇ ಚೆನ್ನಾಗಿತ್ತೆಂದು ನಾವು ದಾರಿಯಲ್ಲಿ ಹೇಳಿದೆವು. ನಮ್ಮ ಮನೆಯವರು ಒಪ್ಪಲಿಲ್ಲ. "ಮಗುವನ್ನು ಕಳುಹಿಸಿದವರಿಗೆ ಕಾಗದ ಬಾರದಿರುವುದಕ್ಕಿಂತ ಕೆಟ್ಟ ಸುದ್ದಿಯಾದರೂ ಬರುವುದು ಮೇಲು," ಎಂದರು. ಉತ್ತರ ಹೇಳಲು ನಮಗೆ ತೋಚಲಿಲ್ಲ.

ಅಷ್ಟರಲ್ಲಿ ಸರೋವರದ ಕಡೆಯಿಂದ ತಂದೆ ಹಕ್ಕಿಯು, ಕಾಲಿನಲ್ಲಿ ಮೀನನ್ನು ತಲೆ ಮುಂದಾಗಿ ಹಿಡಿದು, ನಮ್ಮ ಮೇಲೆಯೇ ಹಾರಿಹೋಯಿತು. ಗೂಡಿನ ಕೂಗು ಇನ್ನಷ್ಟು ಜೋರಾಗಿ, ಆಮೇಲೆ ಥಟ್ಟನೆ ನಿಂತಿತು.