ಕಾಗದದ ರವಿಕೆ

ಉದಯವಾಣಿಗೆ ನಮ್ಮ ಮನೆಯಲ್ಲಿ ಎರಡು ಕೆಲಸ. ಬೆಳಿಗ್ಗೆ ಎಲ್ಲರ ಕೈಗೂ ಹೋಗಿಬರುತ್ತದೆ, ಮಧ್ಯಾಹ್ನದ ಮೇಲೆ ನನ್ನ ಕತ್ತರಿಗೆ ಸಿಗುತ್ತದೆ. 1970ರ ಜನವರಿಯಿಂದ ಮಣಿಪಾಲದಲ್ಲಿ ಅಚ್ಚಾಗುತ್ತಿರುವ ಪತ್ರಿಕೆ, ಆ ಗುಡ್ಡ ಇಳಿದರೆ ಸಿಗುವ ಪರ್ಕಳದವರಾದ ನಮಗೆ ಪಕ್ಕದ ಮನೆಯದೇ. ಪೂರ್ತಿ ಬಿಡಿಸಿ ನೆಲದ ಮೇಲೆ ಹಾಸಿದರೆ ರವಿಕೆಯ ಬೆನ್ನು, ಎದುರು, ತೋಳು ಮೂರೂ ಒಂದೇ ಹಾಳೆಯಲ್ಲಿ ಹಿಡಿಯುತ್ತವೆ. ಕಾಲಮ್ಮುಗಳ ನಡುವಿನ ಬಿಳಿ ಪಟ್ಟಿ ಸ್ಕೇಲಿಟ್ಟು ಎಳೆದಷ್ಟು ನೇರ. ಬಟ್ಟೆಯ ಹಾಸು ಹೋಗಬೇಕಾದ ದಿಕ್ಕಿಗೆ ಅದನ್ನೇ ಹೊಂದಿಸಿಕೊಳ್ಳುತ್ತೇನೆ. ಪುಟದ ತಲೆಯಲ್ಲಿ ತಾರೀಕು ಇರುವುದರಿಂದ ಯಾರ ಅಳತೆ ಯಾವ ವರ್ಷದ್ದೆಂದು ಬೇರೆ ಬರೆದಿಡಬೇಕಾಗಿಲ್ಲ. ಶಾಯಿ ಬಿಳಿ ಬಟ್ಟೆಗೆ ಹತ್ತುತ್ತದೆ ಎಂಬುದೊಂದೇ ತೊಂದರೆ. ಅದಕ್ಕೆ, ಅಳತೆ ಸರಿಬಂದ ಮೇಲೆ ಬ್ರೌನ್ ಪೇಪರಿಗೆ ಇಳಿಸಿ, ಮೂಲೆಗೊಂದು ತೂತು ಕೊಟ್ಟು, ನೂಲು ಪೋಣಿಸಿ ಮೊಳೆಗೆ ತೂಗಹಾಕುತ್ತೇನೆ. ಅತ್ತೆಯ ರವಿಕೆ, ಅಕ್ಕನ ಮಗಳ ಕುರ್ತಾ, ಇವರ ಅಂಗಿ, ನನ್ನ ನೈಟಿ ಎಲ್ಲ ಅಲ್ಲಿವೆ. ಕಾಗದದಲ್ಲಿ ಅರ್ಧ ಮೈಯನ್ನಷ್ಟೇ ಕತ್ತರಿಸುವುದು. ಉಳಿದರ್ಧ ಬಟ್ಟೆಯನ್ನು ಮಡಚಿ ಕತ್ತರಿಸುವಾಗ ತಾನಾಗಿ ಬರುತ್ತದೆ.

ಪೇಟೆಯ ಟೈಲರುಗಳಿಗೆ ಈ ಕಾಗದ ಬೇಡ. ಅಳತೆ ರವಿಕೆಯೊಂದನ್ನು ಕೊಟ್ಟರೆ ಸಾಕು, ಟೇಪು ಹಿಡಿದು ಚಾಕ್‌ಪೀಸಿನಿಂದ ನೇರ ಬಟ್ಟೆಯ ಮೇಲೆಯೇ ಗೆರೆ ಎಳೆದು ಕತ್ತರಿ ಓಡಿಸುತ್ತಾರೆ. ಎದೆಸುತ್ತಳತೆಯ ನಾಲ್ಕನೆಯ ಒಂದು ಪಾಲಿಗೆ ಇಷ್ಟು ಸೇರಿಸು, ಆರನೆಯ ಒಂದು ಪಾಲಿನಿಂದ ಕಂಕುಳ ಆಳ ತೆಗೆ ಎನ್ನುವ ಲೆಕ್ಕವೆಲ್ಲ ಅವರ ಬೆರಳಲ್ಲೇ ಉಂಟು. ಅವರ ವೇಗ ನೋಡಿದಾಗಲೆಲ್ಲ ನನಗೆ ಗೌರವ ಹುಟ್ಟುತ್ತದೆ. ಆದರೆ ಮನೆಯಲ್ಲಿ ಹೊಲಿಯುವವಳಿಗೆ ಅವಸರವಿಲ್ಲ. ಅಳತೆ ರವಿಕೆ ಹೇಳುವುದು ಹಿಂದಿನ ರವಿಕೆ ಹೇಗಿತ್ತು ಎಂಬುದನ್ನು. ಅದು ಹೆಗಲಲ್ಲಿ ಜಾರುತ್ತಿದ್ದರೆ ಹೊಸದೂ ಜಾರುತ್ತದೆ. ಕಾಗದದಲ್ಲಾದರೆ ಕತ್ತರಿಸಿ, ಅಗಲಿಸಿ, ಟೇಪು ಅಂಟಿಸಿ, ಮತ್ತೆ ಕತ್ತರಿಸಿ, ಆ ಮೈಗೆ ನಿಜವಾಗಿ ಏನು ಬೇಕೆಂದು ಹುಡುಕುತ್ತಾ ಹೋಗಬಹುದು. ಆ ಹುಡುಕಾಟವೇ ನನಗೆ ಹೊಲಿಗೆಗಿಂತ ಇಷ್ಟ. ಮೆಷಿನ್ ತುಳಿಯುವುದು ಕೊನೆಯ ಕೆಲಸ.

ಅಚ್ಚಾದ ಪ್ಯಾಟರ್ನುಗಳೂ ನನ್ನ ಹತ್ತಿರ ಇವೆ. 1863ರಲ್ಲಿ ಅಮೆರಿಕದ ಎಬೆನೇಜರ್ ಬಟರಿಕ್ ಎಂಬ ಟೈಲರ್ ಬೇರೆಬೇರೆ ಸೈಜುಗಳ ಕಾಗದದ ಪ್ಯಾಟರ್ನ್ ಮಾರಲು ಶುರುಮಾಡಿದ ಮೇಲೆ ಮನೆಮನೆಯ ಹೆಂಗಸರಿಗೆ ಕಟಿಂಗಿನ ವಿದ್ಯೆ ಕೈಗೆ ಬಂತು. ದೊಡ್ಡ ಉಪಕಾರ ಅದು. ಆದರೆ ಸೈಜಿನ ನಂಬರಿನ ಹಿಂದೆ ಯಾರದೋ ಮೈ ಇರುತ್ತದೆ. ಅಮೆರಿಕದ ಕೃಷಿ ಇಲಾಖೆ 1939–40ರಲ್ಲಿ ಸುಮಾರು 15,000 ಹೆಂಗಸರನ್ನು, ಒಬ್ಬೊಬ್ಬರಿಗೆ 59 ಅಳತೆಗಳಂತೆ ಅಳೆಸಿತು. ವರದಿ 1941ರಲ್ಲಿ ಬಂತು, ಅದರಲ್ಲಿ ಲೆಕ್ಕಕ್ಕೆ ಹಿಡಿದದ್ದು ಬಿಳಿಯ ಹೆಂಗಸರನ್ನು ಮಾತ್ರ. ಜರ್ಮನಿಯ ಬುರ್ಡಾ ಪತ್ರಿಕೆಯ ಸಾಮಾನ್ಯ ಸೈಜುಗಳನ್ನು 168 ಸೆಂಟಿಮೀಟರ್ ಎತ್ತರಕ್ಕೆ ಎಳೆಯುತ್ತಾರೆ. ನಮ್ಮ ದೇಶದ ಹೆಂಗಸರ ಸರಾಸರಿ ಎತ್ತರ 152ರ ಆಸುಪಾಸು. ನಡುವೆ ಆರು ಇಂಚಿನ ಅಂತರ! ನಮ್ಮಲ್ಲೂ ಫ್ಯಾಷನ್ ಕಲಿಸುವ ನಿಫ್ಟ್ ಸಂಸ್ಥೆ ಆರು ನಗರಗಳ 25,000 ಜನರನ್ನು ಸ್ಕ್ಯಾನರಿನಿಂದ ಅಳೆದು ಭಾರತದ್ದೇ ಸೈಜಿನ ಪಟ್ಟಿ ಮಾಡುವ ಯೋಜನೆ ಕೈಗೆತ್ತಿಕೊಂಡಿತು. ಒಳ್ಳೆಯದು. ಅದು ಬಂದರೂ ನನ್ನ ಕತ್ತರಿಗೆ ಕೆಲಸ ತಪ್ಪುವುದಿಲ್ಲ, ಏಕೆಂದರೆ ಸರಾಸರಿ ಎಂಬ ಹೆಸರಿನ ಹೆಂಗಸು ಯಾವ ಮನೆಯಲ್ಲೂ ಇಲ್ಲ.

ಆ ಆರು ಇಂಚನ್ನು ಕೆಳಗಿನ ಅಂಚಿನಲ್ಲಿ ಮಡಚಿದರಾಯಿತು ಎಂದುಕೊಳ್ಳುವವರುಂಟು. ಹಾಗೆ ಮಾಡಿದರೆ ಕುರ್ತಾದ ಸೊಂಟ ಬಂದು ನಮ್ಮ ಹೊಟ್ಟೆಯ ಕೆಳಗೆ ಕೂರುತ್ತದೆ, ಮೊಣಕೈಯ ತಿರುವು ಮುಂಗೈಗೆ ಇಳಿಯುತ್ತದೆ. ಎತ್ತರ ಎನ್ನುವುದು ಮೈಯಲ್ಲಿ ಹಂಚಿಹೋಗಿರುತ್ತದೆ. ಹೆಗಲಿನಿಂದ ಎದೆಗೆ ಸ್ವಲ್ಪ, ಎದೆಯಿಂದ ಸೊಂಟಕ್ಕೆ ಸ್ವಲ್ಪ, ಸೊಂಟದಿಂದ ಕೆಳಗೆ ಸ್ವಲ್ಪ. ಪ್ಯಾಟರ್ನಿನಲ್ಲೂ ಆಯಾ ಜಾಗದಲ್ಲೇ ಅಡ್ಡ ಗೆರೆ ಎಳೆದು, ಮಡಚಿ, ಟೇಪು ಅಂಟಿಸಬೇಕು. ಹೀಗೆ ಮೋಟು ಮಾಡಿದ ಕಾಗದವನ್ನು ಎತ್ತಿ ಎದೆಗೆ ಹಿಡಿದುಕೊಂಡು ಕನ್ನಡಿಯಲ್ಲಿ ನೋಡುವಾಗ, ಎಲ್ಲಿಯದೋ ಅಳತೆ ನಮ್ಮೂರಿನವಳ ಮೈಗೆ ಇಳಿದದ್ದು ಕಂಡು ನನಗೆ ಪ್ರತಿಸಲವೂ ಹಿಗ್ಗಾಗುತ್ತದೆ.

ನನಗೆ ಈ ವಿದ್ಯೆ ಹಿಡಿಸಿದವರು ಚಿಕ್ಕಮ್ಮ. ಹೊಸ ರವಿಕೆ ತೊಟ್ಟು ಅವರೆದುರು ನಿಂತರೆ ಮೊದಲು ಮುಟ್ಟುವುದಿಲ್ಲ, ದೂರ ನಿಂತು ಸುಮ್ಮನೆ ನೋಡುತ್ತಾರೆ. “ಸುಕ್ಕನ್ನು ಇಸ್ತ್ರಿ ಹಾಕಿ ಓಡಿಸ್ಲಿಕ್ಕೆ ಹೋಗ್ಬೇಡ ಮಾರಾಯ್ತಿ. ಅದು ಎಲ್ಲಿಂದ ಹೊರಟು ಎಲ್ಲಿಗೆ ಹೋಗ್ತದೆ ನೋಡು” ಎನ್ನುವರು. ಎಷ್ಟು ನಿಜ! ಬಿಗಿಯಾದ ಅಡ್ಡ ಗೆರೆ ಕಂಡರೆ ಅಲ್ಲಿ ಅಗಲ ಸಾಲದು. ಸಡಿಲವಾದ ಉದ್ದ ಮಡಿಕೆ ಕಂಡರೆ ಅಗಲ ಹೆಚ್ಚಾಗಿದೆ. ಬೆನ್ನಿನ ಕೆಳಗೆ, ಸೊಂಟದ ಗುಳಿಯಲ್ಲಿ ಬಟ್ಟೆ ಪದರಪದರವಾಗಿ ಕೂತರೆ ಬೆನ್ನಿನ ಉದ್ದ ಹೆಚ್ಚಾಗಿದೆ, ಅಲ್ಲೊಂದು ಚಿಮಟಿ ಹಿಡಿದು ಪಿನ್ನು ಚುಚ್ಚಿ ಅಷ್ಟನ್ನೇ ಕಾಗದದಲ್ಲಿ ಕಳೆಯಬೇಕು. ಓರೆಯಾಗಿ ಓಡುವ ಸುಕ್ಕು ಯಾವತ್ತೂ ತೊಂದರೆಯ ಜಾಗಕ್ಕೆ ಬೆರಳು ಮಾಡಿ ತೋರಿಸುತ್ತದೆ. ಪಕ್ಕದ ಹೊಲಿಗೆಯಿಂದ ಎದೆಯ ತುದಿಗೆ ಓರೆಗೆರೆ ಎದ್ದರೆ ಎದುರು ಭಾಗಕ್ಕೆ ಎದೆಯ ಮೇಲಿಂದ ಹಾದುಹೋಗಲು ಬಟ್ಟೆ ಸಾಲುತ್ತಿಲ್ಲ ಎಂದರ್ಥ.

ಆಗ ಹೆಚ್ಚಿನವರು ಮಾಡುವುದು ಪಕ್ಕದ ಹೊಲಿಗೆ ಬಿಡಿಸುವುದು. ಅದರಿಂದ ಬೆನ್ನೂ ಅಗಲವಾಗುತ್ತದೆ, ಹೆಗಲು ಜಾರುತ್ತದೆ. ಸರಿಯಾದ ದಾರಿ ಬೇರೆ. ಎದುರು ಭಾಗದ ಕಾಗದವನ್ನು ಕೆಳಗಿನ ಅಂಚಿನಿಂದ ಎದೆಯ ತುದಿಯವರೆಗೆ ಕತ್ತರಿಸಿ, ಅಲ್ಲಿಂದ ಓರೆಯಾಗಿ ಕಂಕುಳ ಕಡೆಗೆ ಕತ್ತರಿಸುತ್ತಾ ಹೋಗಿ, ಅಂಚಿನಲ್ಲಿ ಒಂದು ನೂಲಿನಷ್ಟು ಕಾಗದ ಬಿಟ್ಟು ನಿಲ್ಲಿಸಬೇಕು. ಪಕ್ಕದ ಟಕ್ಸಿನ, ಅಂದರೆ ಎದೆಗೆ ಉಬ್ಬು ಕೊಡಲು ಹಿಡಿಯುವ ಮಡಿಕೆಯ, ನಡುಗೆರೆಯನ್ನೂ ಹಾಗೆಯೇ ಕತ್ತರಿಸಿ ಎದೆಯ ತುದಿಗೆ ಸ್ವಲ್ಪ ಮೊದಲು ನಿಲ್ಲಿಸಬೇಕು. ಈಗ ಕಾಗದವನ್ನು ಮೆಲ್ಲ ಜರಗಿಸಿದರೆ ಬಾಗಿಲು ತೆರೆದ ಹಾಗೆ ನಡುವೆ ಜಾಗ ಬಿಚ್ಚಿಕೊಳ್ಳುತ್ತದೆ. ಎದೆಯ ಹತ್ತಿರ ಅರ್ಧ ಇಂಚು ತೆರೆದರೆ, ಕಾಗದ ಅರ್ಧ ಮೈಯದ್ದಾದ್ದರಿಂದ, ಪೂರ್ತಿ ಎದುರಿಗೆ ಒಂದು ಇಂಚು ಸಿಕ್ಕಿತು. ಹೆಗಲು ಇದ್ದಲ್ಲೇ ಇದೆ, ಕೊರಳೂ ಕದಲಲಿಲ್ಲ, ಟಕ್ಸ್ ಮಾತ್ರ ತಾನಾಗಿ ಆಳವಾಯಿತು. ಬೇಕಾದಲ್ಲಿ ಮಾತ್ರ ಬೇಕಾದಷ್ಟು! ಗಣಿತ ಕಲಿಸುವ ಗೆಳತಿಯೊಬ್ಬಳು ಇದನ್ನು ನೋಡಿ ಶಾಲೆಯಲ್ಲಿ ಯಾಕೆ ಹೀಗೆ ಕಲಿಸುವುದಿಲ್ಲವೋ ಎಂದು ಮರುಗಿದಳು.

ಕಂಕುಳ ವಿಷಯವನ್ನು ಇನ್ನೂ ಸ್ವಲ್ಪ ಹೇಳಬೇಕು. ಕೈ ಎತ್ತಲು ಬಿಗಿಯಾದರೆ ಕಂಕುಳನ್ನು ಇನ್ನಷ್ಟು ಕೆಳಕ್ಕೆ ಕೊರೆಯುವ ರೂಢಿ ಉಂಟು. ಕೊರೆದಷ್ಟೂ ಕಷ್ಟ ಹೆಚ್ಚು. ಕಂಕುಳು ಕೆಳಗಿಳಿದರೆ ಅಲ್ಲಿಂದ ಸೊಂಟದವರೆಗಿನ ಪಕ್ಕದ ಉದ್ದ ಕಡಿಮೆಯಾಗುತ್ತದೆ. ಉಡುಪಿ ಬಸ್ಸಿನಲ್ಲಿ ಮೇಲಿನ ಸರಳು ಹಿಡಿಯಲು ಕೈ ಎತ್ತಿದ ಕೂಡಲೇ ಇಡೀ ರವಿಕೆ ಮೇಲಕ್ಕೆ ಜಗ್ಗಿ ಬರುತ್ತದೆ. ಕಂಕುಳು ಮೈಗೆ ಹತ್ತಿರವಾಗಿ ಮೇಲಿದ್ದು, ತೋಳಿನ ನೆತ್ತಿಯ ಕಮಾನು ಸ್ವಲ್ಪ ತಗ್ಗಾಗಿ ಅಗಲವಾಗಿದ್ದರೆ ಕೈ ಎಷ್ಟು ಬೇಕಾದರೂ ಎತ್ತಬಹುದು. ಕಮಾನು ಎತ್ತರವಾದರೆ, ಕೈ ಇಳಿಬಿಟ್ಟು ನಿಂತಾಗ ತೋಳು ಒಂದೂ ಸುಕ್ಕಿಲ್ಲದೆ ಅಂದವಾಗಿ ಇಳಿಯುತ್ತದೆ, ಕೆಲಸ ಮಾಡುವಾಗ ಹಿಡಿಯುತ್ತದೆ. ಮದುವೆಗೆ ಒಂದು ತೋಳು, ಬಟ್ಟೆ ಒಗೆದು ಒಣಹಾಕುವುದಕ್ಕೆ ಇನ್ನೊಂದು. ಬೆವರು ಹರಿಯುವ ನಮ್ಮ ಕರಾವಳಿಯಲ್ಲಿ ದಿನದ ಬಟ್ಟೆಗೆ ತಗ್ಗು ಕಮಾನೇ ಸರಿ ಎಂಬುದು ನನ್ನ ಅಭಿಪ್ರಾಯ. ಸುಕ್ಕು ಎರಡು ಹೆಚ್ಚು ಬಿದ್ದರೂ ಬೀಳಲಿ.

ದುಡಿದ ಮೈಗಳಿಗೆ ಅಳತೆ ಹೊಂದಿಸುವಾಗ ಮನಸ್ಸು ತುಂಬಿಬರುತ್ತದೆ. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಹೆಂಗಸರು ನಮ್ಮಲ್ಲಿ ಎಷ್ಟು ಮಂದಿ! ಮಡಿಲಲ್ಲಿ ಮೊರದಂಥ ತಡ್ಪೆ ಇಟ್ಟುಕೊಂಡು ವರ್ಷಗಟ್ಟಲೆ ಬಗ್ಗಿ ಕೂತು, ಹೆಗಲು ಮುಂದಕ್ಕೆ ಬಂದಿರುತ್ತದೆ, ಬೆನ್ನಿನ ಮೇಲ್ಭಾಗ ಗುಂಡಗಾಗಿರುತ್ತದೆ. ಅವರ ರವಿಕೆ ಹಿಂದಕ್ಕೆ ಜಾರಿ, ಎದುರು ಕೊರಳನ್ನು ಒತ್ತುತ್ತದೆ. ದಿನಕ್ಕೆ ಎಷ್ಟು ಸಲ ಅದನ್ನು ಮುಂದಕ್ಕೆ ಎಳೆದುಕೊಳ್ಳುತ್ತಾರೋ. “ನನ್ನ ಮೈಯೇ ಹೀಗೆ” ಎಂದುಬಿಡುತ್ತಾರೆ. ಮೈ ಸರಿಯಾಗಿಯೇ ಇದೆ ಅಮ್ಮ, ಕಾಗದ ತಪ್ಪಿದೆ. ಹೆಗಲಿನ ಹೊಲಿಗೆಯನ್ನು ಅರ್ಧ ಇಂಚು ಮುಂದಕ್ಕೆ ತರಬೇಕು, ಅಂದರೆ ಎದುರಿನಿಂದ ಕಳೆದು ಬೆನ್ನಿಗೆ ಕೂಡಿಸಬೇಕು. ಬೆನ್ನಿನ ಕಾಗದವನ್ನು ಮೂಳೆ ಉಬ್ಬಿದಲ್ಲಿ ಅಡ್ಡ ಕತ್ತರಿಸಿ ತೆರೆದು ಉದ್ದ ಕೊಡಬೇಕು. ಹೆಚ್ಚಾದ ಅಗಲವನ್ನು ಹೆಗಲಲ್ಲಿ ಪುಟ್ಟ ಟಕ್ಸ್ ಹಿಡಿದು ಒಳಕ್ಕೆ ಸೇರಿಸಬೇಕು. ಅತ್ತೆಗೆ ಹಾಗೆ ಹೊಲಿದು ಕೊಟ್ಟ ರವಿಕೆಯನ್ನು ತೊಟ್ಟು ಅವರು ಕೇಳಿದ್ದು, “ಇದು ಹೊಸತು ಹೌದಾ? ತೊಟ್ಟದ್ದೇ ಗೊತ್ತಾಗುವುದಿಲ್ಲ!” ಇದಕ್ಕಿಂತ ದೊಡ್ಡ ಬಹುಮಾನ ನನಗೆ ಬೇಕಾಗಿಲ್ಲ.

ಕಾಗದ ಸರಿಯಾದರೂ ನೇರ ಒಳ್ಳೆಯ ಬಟ್ಟೆಗೆ ಕೈ ಹಾಕುವುದಿಲ್ಲ. ಹಳೆಯ ಪಂಚೆಯಲ್ಲಿ ಕಚ್ಚಾ ಹೊಲಿಗೆ ಹಾಕಿ ತೊಟ್ಟು ನೋಡುವುದು, ಕೂತು, ಎದ್ದು, ಬಗ್ಗಿ ನೋಡುವುದು. ಆಮೇಲೆ ಬಟ್ಟೆಯ ಸರದಿ. ಕೈಮಗ್ಗದ ಹತ್ತಿಯಾದರೆ ರಾತ್ರಿಯಿಡೀ ನೆನೆಸಿ, ನೆರಳಲ್ಲಿ ಒಣಗಿಸಿ, ಕುಗ್ಗುವಷ್ಟು ಕುಗ್ಗಿದ ಮೇಲೆಯೇ ಕಟಿಂಗ್. ನನಗೆ ಪ್ರಿಯವಾದದ್ದು ಉಡುಪಿ ಸೀರೆಯ ಬಟ್ಟೆ. 2016ರಲ್ಲಿ ಭೌಗೋಳಿಕ ಸೂಚಿಕೆ ಪಡೆದ, ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಂಥ ಕೆಲವೇ ಕಡೆ ಮಗ್ಗ ಉಳಿದಿರುವ ಸೀರೆ. ಕಾರ್ಕಳದ ಕದಿಕೆ ಟ್ರಸ್ಟಿನವರು ಅದನ್ನು ಮತ್ತೆ ಎಬ್ಬಿಸಲು ದುಡಿಯುತ್ತಿದ್ದಾರೆ. ಈ ನೆಲಕ್ಕೂ ಮಗ್ಗಕ್ಕೂ ನಂಟು ಹಳೆಯದು. 1925ರಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವರು ಉಡುಪಿಯಲ್ಲಿ ಶುರುಮಾಡಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನ್ನಿಸಿಕೊಂಡದ್ದು, ಹುಟ್ಟಿದ್ದೇ ಕಷ್ಟಕ್ಕೆ ಬಿದ್ದ ಕೈಮಗ್ಗದ ನೇಕಾರರಿಗೆ ಸಾಲ ಕೊಡಲಿಕ್ಕೆ. 1928ರಲ್ಲಿ ಬಂದ ಅದರ ಪಿಗ್ಮಿ ಉಳಿತಾಯ ಯೋಜನೆಯಲ್ಲಿ ದಿನಕ್ಕೆ ಎರಡಾಣೆ ಕಟ್ಟಿದವರ ಮೊಮ್ಮಕ್ಕಳು ಈಗ ರೆಡಿಮೇಡ್ ತೊಡುತ್ತಾರೆ. ನನಗಿದು ಬೇಸರದ ವಿಷಯವೇ. ಕೈಮಗ್ಗದ ಬಟ್ಟೆಯಲ್ಲಿ ಒಂದು ಎಳೆಯನ್ನು ಸೂಜಿಯಿಂದ ಎತ್ತಿ ಮೆಲ್ಲ ಜಗ್ಗಿ ತೆಗೆದರೆ ಅಲ್ಲಿ ಕೂದಲಷ್ಟು ಸಣ್ಣ ಗೆರೆ ಬೀಳುತ್ತದೆ, ಆ ಗೆರೆಯಲ್ಲಿ ಕತ್ತರಿಸಿದರೆ ನೂಲಿಗೆ ನೂಲು ನೇರ. ಹಾಸು ಮೈಯ ಉದ್ದಕ್ಕೆ, ಹೊಕ್ಕು ಅಡ್ಡಕ್ಕೆ. ಕೊರಳಿನ ಪೈಪಿಂಗಿಗೆ ಮಾತ್ರ ಕ್ರಾಸ್ ಪಟ್ಟಿ, ಓರೆ ಕತ್ತರಿಸಿದ ಬಟ್ಟೆಯಷ್ಟು ಚೆಂದ ತಿರುವಿನಲ್ಲಿ ಬಳುಕುವುದು ಬೇರೊಂದಿಲ್ಲ.

ರವಿಕೆ ಕಣ ಎಂಬತ್ತು ಸೆಂಟಿಮೀಟರ್ ಇದ್ದು ಕಾಗದ ಅಗಲವಾಗಿದ್ದರೆ ಲೆಕ್ಕ ತಪ್ಪುತ್ತದೆ. ಆಗ ತೋಳಿನ ಒಳಬದಿಯಲ್ಲಿ, ಕಂಕುಳ ಹತ್ತಿರ, ಕಾಣದ ಹಾಗೆ ಒಂದು ಜಾಯಿಂಟು ಕೊಟ್ಟು ಸರಿದೂಗಿಸುವುದು ಹಳೆಯ ಉಪಾಯ. ಇನ್ನೊಂದು ನಮ್ಮವರ ಜಾಣತನ ಒಳಮಾರ್ಜಿನ್. ಅಮೆರಿಕದ ಪ್ಯಾಟರ್ನಿನಲ್ಲಿ ಹೊಲಿಗೆಯಾಚೆ ಬಿಡುವುದು ಇಂಚಿನ ಎಂಟರಲ್ಲಿ ಐದು ಪಾಲು. ಬುರ್ಡಾ ಹಾಳೆಯಲ್ಲಿ ಅದನ್ನು ನಾವೇ ಕೂಡಿಸಿಕೊಳ್ಳಬೇಕು. ನಮ್ಮ ಟೈಲರು ರವಿಕೆಯ ಪಕ್ಕದಲ್ಲಿ ಒಂದೂವರೆ ಇಂಚು ಬಿಟ್ಟು ಎರಡು ಮೂರು ಸಾಲು ಹೊಲಿಗೆ ಹಾಕಿರುತ್ತಾರೆ. ಬಾಣಂತನವಾಗಲಿ, ವಯಸ್ಸಾಗಲಿ, ಒಂದು ಸಾಲು ಬಿಡಿಸಿದರೆ ರವಿಕೆ ಅವಳ ಜೊತೆಗೇ ಬರುತ್ತದೆ. ಯಾವ ಊರಿನ ಪ್ಯಾಟರ್ನ್ ತಂದರೂ ಮೊದಲು ನಾನು ಮಾಡುವುದು ಈ ಮಾರ್ಜಿನ್ ಕೂಡಿಸುವುದು. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಅಕ್ಕಪಕ್ಕದ ಮಕ್ಕಳ ಯೂನಿಫಾರ್ಮ್ ಹೊಲಿಯುವಾಗಲೂ ಹಾಗೆಯೇ. ಸ್ಕರ್ಟಿನ ಕೆಳಗೆ ಮೂರು ಇಂಚಿನ ಮಡಿಕೆ ಒಳಗಿಡುತ್ತೇನೆ, ಬರುವ ಜೂನಿಗೆ ಹುಡುಗಿಯ ಎತ್ತರದೊಂದಿಗೆ ಅದೂ ಬಿಚ್ಚಿಕೊಳ್ಳುತ್ತದೆ.

ಈಗ ಕೈಯಲ್ಲಿರುವುದು ಮಣಿಪಾಲದಲ್ಲಿ ಓದುವ ಅಕ್ಕನ ಮಗಳ ಕುರ್ತಾ. ಅವಳ ಹಟ ಒಂದೇ, ಕಿಸೆ ಬೇಕು. “ಚಿಕ್ಕಮ್ಮ, ಗಂಡಸರ ಅಂಗಿಗೆ ಕೇಳದೆಯೇ ಕಿಸೆ ಇಡ್ತೀರಿ. ನನಗೆ ಯಾಕೆ ಕೇಳ್ಬೇಕು?” ನ್ಯಾಯವಾದ ಮಾತು. ಪಕ್ಕದ ಹೊಲಿಗೆಯೊಳಗೆ ಅಡಗುವ ಕಿಸೆಗೆ ಬೇರೆಯೇ ಒಂದು ಕಾಗದ ಕತ್ತರಿಸಬೇಕು. ಫೋನಿನ ಅಳತೆಗೆ ಕತ್ತರಿಸೋಣ ಎಂದಳು. ಫೋನು ಬದಲಾಗುತ್ತಾ ಇರುತ್ತದೆ, ನಿನ್ನ ಕೈ ಇಡು ಎಂದೆ. ಪತ್ರಿಕೆಯ ಮೇಲೆ ಅಂಗೈ ಊರಿದಳು. ಸುತ್ತ ಪೆನ್ಸಿಲ್ ಆಡಿಸಿ, ಬೆರಳ ತುದಿಗೆ ಒಂದು ಇಂಚು, ಮಣಿಕಟ್ಟಿನ ಹತ್ತಿರ ಅರ್ಧ ಇಂಚು ಕೂಡಿಸಿದೆ. ಬಾಯಿ ಆರೂವರೆ ಇಂಚು ಇರಲಿ, ಮುಷ್ಟಿ ಹಿಡಿದ ಕೈ ಸಲೀಸಾಗಿ ಹೊರಗೆ ಬರಬೇಕು. ಭಾರಕ್ಕೆ ಹೊಲಿಗೆ ಜೋತು ಬೀಳದಂತೆ ಅಂಚಿಗೆ ಕ್ಯಾನ್‌ವಾಸಿನ ಸಣ್ಣ ಪಟ್ಟಿ. ಅವಳು ಎಡಗೈಯವಳು. ಕಿಸೆ ಎಡಕ್ಕೆ.