ಬೇವಿನ ಕಡ್ಡಿ

ಮೊಮ್ಮಗಳ ಮೂಗುಬೊಟ್ಟಿನ ತಿರುಪು ಸವೆದುಹೋಗಿದ್ದುದರಿಂದ ಕಳೆದ ವಾರ ಅವಳನ್ನು ಕರೆದುಕೊಂಡು ಪರಿಚಯದ ಅಕ್ಕಸಾಲಿಯಲ್ಲಿಗೆ ಹೋಗಿದ್ದೆ. ಆತ ಅದನ್ನು ಬೆಳಕಿಗೆ ಹಿಡಿದು ತಿರುವಿ ನೋಡಿ, "ಎರಡು ದಿನ ಇಲ್ಲೇ ಇರಲಿ, ಸ್ವಾಮಿ, ಅಷ್ಟರಲ್ಲಿ ತೂತು ಮುಚ್ಚಿಕೊಳ್ಳದ ಹಾಗೆ ಮಗೂಗೆ ಒಂದು ಬೇವಿನ ಕಡ್ಡಿ ಸಿಕ್ಕಿಸಿ" ಎಂದನು. ಆ ಕಡ್ಡಿಯ ಮಾತು ಕಿವಿಗೆ ಬಿದ್ದುದೇ ತಡ, ನನ್ನ ಮನಸ್ಸು ಅಂಗಡಿಯ ಮೆಟ್ಟಿಲಿಳಿದು ಹೊರಟುಹೋಯಿತು.

ಸಿರಿಗೂ ಸ್ವಾತಂತ್ರ್ಯಕ್ಕೂ ಇರುವ ಸಂಬಂಧದ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಹರಿಕಥೆಯ ದಾಸರು ನವಕೋಟಿ ನಾರಾಯಣನನ್ನು ಸಾಕ್ಷಿಗೆ ಕರೆಯುತ್ತಾರೆ. ಚಿನಿವಾರ ಶ್ರೀನಿವಾಸನಾಯಕನು ಒಂದು ಮೂಗುತಿಯ ನಿಮಿತ್ತದಿಂದ ಸಕಲೈಶ್ವರ್ಯವನ್ನೂ ಕೃಷ್ಣಾರ್ಪಣವೆಂದು ತ್ಯಜಿಸಿ, ವಿಜಯನಗರದ ದಾರಿ ಹಿಡಿದು, ವ್ಯಾಸರಾಯರ ಶಿಷ್ಯನಾಗಿ ಪುರಂದರದಾಸನಾದನಷ್ಟೆ. ಅಲ್ಲಿಗೆ ನಿರ್ಧನತ್ವವೇ ಬಿಡುಗಡೆಯೆಂಬ ಸಿದ್ಧಾಂತ ಸ್ಥಾಪಿತವಾಗಿ, ಮಂಗಳಾರತಿಯ ತಟ್ಟೆ ಸಭೆಯೊಳಗೆ ಹೊರಡುತ್ತದೆ.

ನನಗಾದರೋ ನಾಯಕನಿಗಿಂತ ಅವನ ಹೆಂಡತಿಯ ಮೇಲೆಯೇ ಕಣ್ಣು. ಒಂಬತ್ತು ಕೋಟಿಯ ಒಡೆಯನ ಮನೆಯಲ್ಲಿ, ಮಗನ ಮುಂಜಿಗೆಂದು ಬೇಡಿ ಬಂದ ಬಡ ಬ್ರಾಹ್ಮಣನಿಗೆ ಒಂದು ಕಾಸನ್ನು ಎತ್ತಿಕೊಡುವ ಅಧಿಕಾರವೂ ಆ ಸಾಧ್ವಿಗಿರಲಿಲ್ಲ. ಯಾರನ್ನೂ ಕೇಳದೆ ಆಕೆ ಕೊಡಬಹುದಾಗಿದ್ದುದು ತೌರಿನವರು ಇಟ್ಟ ಮೂಗುತಿಯೊಂದನ್ನೇ. ತ್ಯಜಿಸುವುದಕ್ಕೆ ನಾಯಕನಿಗೆ ಒಂಬತ್ತು ಕೋಟಿಯಾದರೂ ಇತ್ತು; ಅವಳ ಸ್ವಾತಂತ್ರ್ಯವೆಲ್ಲ ಗುಲಗಂಜಿಯ ತೂಕದ್ದು. ಆದರೂ ಮೊದಲು ಕೊಟ್ಟವಳು ಅವಳೇ.

ತೌರಿನದು ಎಂಬ ಆ ಒಂದು ಮಾತಿನ ಬೆನ್ನಿಗೆ ದೊಡ್ಡ ಶಾಸ್ತ್ರವೇ ನಿಂತಿದೆ. ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕುಳಿತು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಸ್ತ್ರೀಧನವೆಂಬ ಪದವನ್ನು ಬಲು ಧಾರಾಳವಾಗಿ ಹಿಗ್ಗಿಸಿ, ತಾಯಿತಂದೆಗಳು ಕೊಟ್ಟದ್ದಲ್ಲದೆ ದಾಯವಾಗಿ ಬಂದದ್ದು, ಕೊಂಡದ್ದು, ಪಾಲಿನಲ್ಲಿ ದೊರೆತದ್ದು ಎಲ್ಲವನ್ನೂ ಅದರೊಳಕ್ಕೆ ಸೇರಿಸಿದನು. ಆದರೆ ಮೂಲಸ್ಮೃತಿ ಗಂಡನಿಗೊಂದು ಕಿಂಡಿಯನ್ನು ಬಿಟ್ಟಿದೆ: ಕ್ಷಾಮ, ಧರ್ಮಕಾರ್ಯ, ವ್ಯಾಧಿ, ಸೆರೆ—ಈ ನಾಲ್ಕು ಸಂದರ್ಭಗಳಲ್ಲಿ ತೆಗೆದುಕೊಂಡುದನ್ನು ಅವನು ಹಿಂದಿರುಗಿಸಬೇಕಾಗಿಲ್ಲ. ಧರ್ಮಕಾರ್ಯವೆಂಬ ಕಿಂಡಿಯಲ್ಲಿ ಎಷ್ಟು ಬಳೆಗಳು ನುಸುಳಿಹೋದುವೋ ಬಲ್ಲವರಾರು! ಮೈಸೂರು ಸಂಸ್ಥಾನವು 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳಿಗೆಂದೇ ಒಂದು ಶಾಸನವನ್ನು ಮಾಡಿತು. ನಮ್ಮಮ್ಮ ಅದರ ಹೆಸರನ್ನೂ ಕೇಳಿದವಳಲ್ಲ.

ಅವಳಿಗಿದ್ದುದು ಉಡುಪಿಯ ಪರ್ಯಾಯವನ್ನು ನೋಡಬೇಕೆಂಬ ಆಸೆಯೊಂದೇ. ಎರಡು ವರ್ಷಕ್ಕೊಮ್ಮೆ ಅದು ಬಂದಾಗಲೆಲ್ಲ ಅಪ್ಪ "ಮುಂದಿನ ಸಲ ನೋಡೋಣ" ಎನ್ನುತ್ತ ಮೂರು ಪರ್ಯಾಯಗಳನ್ನು ದಾಟಿಸಿದ್ದರು. ನಾಲ್ಕನೆಯದಕ್ಕೆ ಅಮ್ಮ ಕೇಳಲೇ ಇಲ್ಲ; ಏಳು ಹರಳಿನ ಮೂಗುಬೊಟ್ಟನ್ನು ಗಿರವಿ ಇಟ್ಟು, ನೆರೆಮನೆಯಾಕೆಯ ಜೊತೆಯಲ್ಲಿ ಹೋಗಿ, ನಾಲ್ಕನೆಯ ದಿನ ಮೂಗಿನಲ್ಲಿ ಒಂದು ಬೇವಿನ ಕಡ್ಡಿಯೊಡನೆ ಮನೆಗೆ ಬಂದಳು.

"ಎಲ್ಲಿ ಅದು?" ಎಂದರು ಅಪ್ಪ.

"ಅದು ನನ್ನ ತೌರಿನದು" ಎಂದಷ್ಟೇ ಹೇಳಿ ಹುಳಿ ಬಡಿಸಿದಳು.

ಮೋಕ್ಷವನ್ನು ಕುರಿತು ಊರವರೊಡನೆ ಗಂಟೆಗಟ್ಟಲೆ ವಾದಿಸಬಲ್ಲ ನಮ್ಮ ಅಪ್ಪನಿಗೆ ಆ ಮಾತಿಗೆ ಖಂಡನೆ ದೊರೆಯಲಿಲ್ಲ. ಎಂಟು ತಿಂಗಳು, ಎರಡು ಹೊತ್ತೂ, ಊಟದೆಲೆಯ ಎದುರಿಗೆ ಆ ಕಡ್ಡಿಯನ್ನು ನೋಡಿ ನೋಡಿ, ಕೊನೆಗೊಂದು ಸಂಜೆ ಅಸಲು ಬಡ್ಡಿ ಎರಡನ್ನೂ ತೀರಿಸಿ, ಪೊಟ್ಟಣವನ್ನು ದೇವರ ಗೂಡಿನ ಮುಂದಿಟ್ಟು ಮಾತಿಲ್ಲದೆ ಸಂಧ್ಯಾವಂದನೆಗೆ ಕುಳಿತರು. ಅಮ್ಮ ಮೂಗುಬೊಟ್ಟನ್ನು ಇಟ್ಟುಕೊಂಡಳು. ಕಡ್ಡಿಯನ್ನು ಮಾತ್ರ ಎಸೆಯದೆ ಕುಂಕುಮದ ಭರಣಿಯಲ್ಲಿ ಇರಿಸಿದಳು. ಮುಂದಿನ ಪರ್ಯಾಯಕ್ಕೆ ಅಪ್ಪ ತಾವಾಗಿಯೇ ಬಸ್ಸಿನ ಎರಡು ಟಿಕೆಟ್ಟು ತಂದರು.

"ಸ್ವಾಮಿ, ರಸೀದಿ" ಎಂದು ಅಕ್ಕಸಾಲಿ ಎಚ್ಚರಿಸಿದಾಗ ನೋಡಿದೆ; ನನ್ನ ಹೆಸರಿನ ಮೊದಲ ಎರಡಕ್ಷರಗಳನ್ನು ಆಗಲೇ ಬರೆದಿದ್ದನು. ಅದನ್ನು ಹೊಡೆದುಹಾಕಿ ಮಗುವಿನ ಹೆಸರಿಗೇ ಬರೆಯುವಂತೆ ಹೇಳಿ, ಬೀದಿಯ ಕೊನೆಯಲ್ಲಿ ಬೇವಿನ ಮರವೊಂದಿದ್ದುದು ನೆನಪಾಗಿ ಅತ್ತ ನಡೆದೆ.