ಲಕ್ಕಮ್ಮನವರ ನಿಯಮ, ನಮ್ಮ ಮನೆಯ ನಿಯಮ



ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಪ್ರಸಂಗವನ್ನು ನಾವೆಲ್ಲರೂ ಬಲ್ಲೆವು. ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ 12ನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಬಂದ ಈ ಶರಣರ ಕಾಯಕ, ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ಅದರಲ್ಲಿ ಆಸೆಯನ್ನು ಕಂಡ ಲಕ್ಕಮ್ಮನವರು, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರು. ಎಂ.ಎ. ಓದುವಾಗ ಇದನ್ನು ಅಸಂಗ್ರಹತತ್ತ್ವವೆಂದು ಬರೆದು ಅಂಕ ಪಡೆದಿದ್ದೆ. ಅದರ ಅರ್ಥ ತಿಳಿದದ್ದು ಮಾತ್ರ ನಾನು ತಂದೆಯಾದ ಮೇಲೆ.

ನಮ್ಮದು ಹಿರೇಗುಂಟನೂರಿನ ಒಕ್ಕಲು ಮನೆತನ. ಸ್ನಾನ, ಲಿಂಗಪೂಜೆಯಾಗದೆ ತುತ್ತಿಲ್ಲ. ತಟ್ಟೆಯಲ್ಲಿ ಒಂದು ಅಗುಳೂ ಉಳಿಯುವಂತಿಲ್ಲ. ಪರರ ಹೊಲದಲ್ಲಿ ಫಸಲು ತೆಗೆದ ಮೇಲೆ ಹಕ್ಕಲು ಆಯಬಹುದು, ರಾಶಿಗೆ ಕೈ ಹಾಕುವಂತಿಲ್ಲ. 'ಯಾಕೆ' ಎಂದು ಕೇಳುವ ಪದ್ಧತಿಯೇ ನಮ್ಮ ಮನೆಯಲ್ಲಿರಲಿಲ್ಲ.

ನಾಲ್ಕನೆಯ ತರಗತಿಯಲ್ಲಿದ್ದಾಗ, ಶಾಲೆಯಿಂದ ಬರುತ್ತಾ ನೆರೆಯವರ ಹೊಲದ ಶೇಂಗಾ ರಾಶಿಯಿಂದ ಎರಡು ಜೇಬು ತುಂಬಿಕೊಂಡೆ. ಸಂಜೆ ಅಪ್ಪ ನೋಡಿದರು. "ನಡಿ, ಕೊಟ್ಟು ಬರಾಣ" ಎಂದರು. ಹೊಲದ ಯಜಮಾನರು "ಹುಡುಗ, ಹಿಡಿ ಶೇಂಗಾ, ಬಿಡಣ್ಣ" ಎಂದು ನಕ್ಕರು. ಅಪ್ಪ ನಗಲಿಲ್ಲ. ಹಿಡಿ ಶೇಂಗಾಕ್ಕಾಗಿ ನನ್ನನ್ನು ಅವಮಾನಿಸಿದರೆಂಬ ಸಿಟ್ಟು ಎಷ್ಟೋ ವರ್ಷ ನನ್ನಲ್ಲಿ ಉಳಿದಿತ್ತು.

ಈಚೆಗೆ ಎರಡನೆಯ ತರಗತಿಯ ನನ್ನ ಮಗಳು ಸಹಪಾಠಿಯ ರಬ್ಬರ್ ತಂದಿದ್ದಳು. ದಣಿದು ಬಂದಿದ್ದ ನನ್ನ ನಾಲಗೆಯ ಮೇಲೆ "ಹೋಗಲಿ ಬಿಡು" ಎಂಬ ಮಾತು ಬಂದಿತ್ತು. ಆಗ ಮರೆತಿದ್ದುದೊಂದು ನೆನಪಾಯಿತು. ಅಂದು ಅಪ್ಪನೂ ದುಡಿದು ಬಂದು, ಇನ್ನೂ ಕಾಲು ತೊಳೆದಿರಲಿಲ್ಲ. ನನ್ನೊಬ್ಬನನ್ನೇ ಕಳಿಸದೆ ಜೊತೆಗೆ ನಡೆದರು. ಆ ಮನೆಯ ಬಾಗಿಲಲ್ಲಿ ನನಗಿಂತ ಮೊದಲು ಕೈ ಮುಗಿದು "ತಪ್ಪಾಗಿದೆ" ಎಂದವರು ಅವರೇ. ನನ್ನ ನಾಚಿಕೆಯನ್ನಷ್ಟೇ ನಾನು ಲೆಕ್ಕ ಹಾಕಿದ್ದೆ, ಅವರದನ್ನು ಎಣಿಸಿರಲಿಲ್ಲ.

ಮಗಳೊಡನೆ ಹೊರಟೆ. ರಬ್ಬರ್ ಕೊಟ್ಟು ಮರಳುವಾಗ ಅವಳು "ಯಾಕಪ್ಪಾ? ಅವಳ ಹತ್ರ ಇನ್ನೊಂದಿತ್ತಲ್ಲ?" ಎಂದಳು. ಲಕ್ಕಮ್ಮನವರ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನೀನು ಮಠದಿಂದ ತಂದಿರೋ ಬಿಳಿ ಹಾಳೆ?" ಎಂದು ಕೇಳಿದಳು. ಆ ಹಾಳೆಗಳಲ್ಲಿ ನಾನು ಮನೆಯ ಲೆಕ್ಕ ಬರೆಯುತ್ತಿದ್ದೆ.

ಲಕ್ಕಮ್ಮನವರ ವಚನಗಳ ಅಂಕಿತ 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಪತಿಯ ಹೆಸರನ್ನು ಅಂಕಿತದಲ್ಲಿಯೇ ಇರಿಸಿಕೊಂಡ ಆ ತಾಯಿ, ಪತಿ ತಪ್ಪಿದಾಗ ತಿದ್ದಲು ಹಿಂಜರಿಯಲಿಲ್ಲ. ನಿಯಮವು ಹಿರಿಯರ ಸೊತ್ತಲ್ಲ. ಹಾಕಿದವರೂ ಅದರ ಕೆಳಗೇ ನಿಲ್ಲಬೇಕು. ಅಪ್ಪ ಹಾಗೆ ನಿಂತಿದ್ದರು. ಕೇಳುವ ಹಕ್ಕೊಂದು ಆ ಮನೆಯಲ್ಲಿ ನನಗಿರಲಿಲ್ಲ, ಅದು ನನ್ನ ಮಗಳಿಗಿರಲಿ.

ಮರುದಿನ ಉಳಿದ ಹಾಳೆಗಳನ್ನು ಮಠದ ಕಪಾಟಿನಲ್ಲಿಟ್ಟು, ಬಳಸಿದವುಗಳ ಬೆಲೆಯನ್ನು ದಾಸೋಹದ ಹುಂಡಿಗೆ ಹಾಕಿದೆ. ಊರಿಗೆ ಹೋದಾಗ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. "ಶೇಂಗಾ ವಿಚಾರ ನನಗೆ ನೆನಪಿಲ್ಲ ಕಣಪ್ಪ. ಹಾಳೆ ಎಲ್ಲಾ ವಾಪಸ್ ಇಟ್ಟೆಯಾ?" ಎಂದಷ್ಟೇ ಕೇಳಿದರು.